ಮೂಗಿಗೂ ವೀಸಾ ಬೇಕಂತೆ

ಸಾರಿನ ಪುಡಿ ಹುರಿಯುವುದರಲ್ಲಿ ನನ್ನನ್ನು ಮೀರಿಸುವವರು ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ಯಾರೂ ಇಲ್ಲ. ಇದು ನನ್ನ ಮಾತಲ್ಲ, ಯುಗಾದಿ ಊಟದಲ್ಲಿ ಮೂರು ಸಲ ಸಾರು ಬಡಿಸಿಕೊಂಡವರು ಹೇಳಿದ್ದು. "ಇಷ್ಟು ಚೆನ್ನಾಗಿ ಮಾಡ್ತೀರ, ಮಾರಬಾರದೇನ್ರೀ?" ಅಂದು ಅವರು ಕೈ ತೊಳೆಯಲು ಹೋದರು. ನನ್ನ ನಿದ್ದೆ ಅವತ್ತೇ ಹೋಯಿತು.

ನಾನಿರುವುದು ಅಮೆರಿಕದಲ್ಲಿ, ಕೆಲಸಕ್ಕೆಂದು ಕೊಡುವ ಎಚ್‌-1ಬಿ ವೀಸಾದ ಮೇಲೆ. ಮೂರು ವರ್ಷ, ಮತ್ತೆ ಮೂರು ವರ್ಷ, ಆಮೇಲೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತ ಪುಣ್ಯಕ್ಕೆ ಇನ್ನಷ್ಟು. ಯಾವ ಕಂಪನಿ ಅರ್ಜಿ ಹಾಕಿತೋ ಅದಕ್ಕಷ್ಟೇ ದುಡಿಯಬೇಕು. ಅದು ಕೈಬಿಟ್ಟರೆ ಇನ್ನೊಂದನ್ನು ಹುಡುಕಲು 60 ದಿನದ ಗಡುವು.

ಇಂಥವನು ಪುಡಿ ಮಾರಬಹುದೇ ಅಂತ ವಕೀಲರನ್ನು ಕೇಳಿದೆ. ಗಂಟೆ ಲೆಕ್ಕದಲ್ಲಿ ಬಿಲ್ ಹಾಕುವವರು. ಕುಶಲ ವಿಚಾರಿಸುವ ಖರ್ಚು ಉಳಿಸಿ ನೇರ ವಿಷಯಕ್ಕೇ ಬಂದೆ. ಷೇರು ಕೊಳ್ಳಬಹುದಂತೆ, ಬಡ್ಡಿ ತಿನ್ನಬಹುದಂತೆ, ಮನೆಯಿದ್ದರೆ ಬಾಡಿಗೆಗೆ ಕೊಡಬಹುದಂತೆ. ಕಂಪನಿಯನ್ನೇ ತೆರೆದು ಒಡೆಯ ಅನ್ನಿಸಿಕೊಳ್ಳಬಹುದಂತೆ. ಅದರಲ್ಲಿ ಕೆಲಸ ಮಾತ್ರ ಮಾಡಕೂಡದು. ಸಂಬಳ ತಗೊಳ್ಳದೆ ಬಿಟ್ಟಿ ದುಡಿದರೆ? ಬಿಟ್ಟಿಯಾದರೂ ಕೆಲಸ ಕೆಲಸವೇ ಅಂದರು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ಬೈದು ಬೆಳೆಸಿದವಳು ನಮ್ಮಜ್ಜಿ. ಕೂತು ಉಂಡರಷ್ಟೇ ಕ್ಷೇಮ, ಎದ್ದು ಸೌಟು ಹಿಡಿದರೆ ತಪ್ಪು ಅನ್ನುವ ಕಡೆ ಮೊಮ್ಮಗ ಹೋಗಿ ಬೀಳುತ್ತಾನೆ ಅಂತ ಪಾಪ, ಅವಳಿಗೇನು ಗೊತ್ತು.

ಉಪಾಯ ಮನೆಯಲ್ಲೇ ಇತ್ತು. ನನ್ನವಳದು ಅವಲಂಬಿತರ ವೀಸಾ, ಎಚ್‌-4. ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ ಹೆಂಡತಿಗೆ ಇಎಡಿ ಅನ್ನುವ ಕೆಲಸದ ಕಾರ್ಡು ಕೊಡುತ್ತಾರೆ, 2015ರಿಂದ. ಅದಿದ್ದರೆ ಸ್ವಂತ ವ್ಯಾಪಾರಕ್ಕೂ ಅಡ್ಡಿಯಿಲ್ಲ. ನನ್ನ ವೀಸಾದ ಬಾಲ ಹಿಡಿದು ಬಂದವಳಿಗೆ ನನಗಿಲ್ಲದ ಸ್ವಾತಂತ್ರ್ಯ! ಕೆಡದಂಥ ಕೆಲವು ಪದಾರ್ಥಗಳನ್ನು ಮನೆಯಲ್ಲೇ ಮಾಡಿ ಮಾರಲು ಕ್ಯಾಲಿಫೋರ್ನಿಯಾ 2013ರಿಂದಲೇ ಬಿಟ್ಟಿದೆ, ಕೌಂಟಿಯವರ ಒಪ್ಪಿಗೆ ಪಡೆದು. ಕಾಗದಪತ್ರವೆಲ್ಲ ಅವಳ ಹೆಸರಲ್ಲೇ ಆಯಿತು. ತೊಡಕು ಒಂದೇ: ಕೈರುಚಿ ನನ್ನದು, ಕಾರ್ಡು ಅವಳದು.

ಮೊದಲ ಶನಿವಾರ ಬಾಣಲೆಗೆ ಮೆಂತ್ಯ ಬಿತ್ತು. ಮೆಂತ್ಯದ ಹದ ಗೊತ್ತಲ್ಲ, ಬಣ್ಣ ತಿರುಗಿ ಘಮ್ಮಂದ ಕೂಡಲೇ ಇಳಿಸಬೇಕು, ತುಸು ತಡವಾದರೂ ಇಡೀ ಪುಡಿ ಕಹಿ. ಹೊರಗೆ ಸೋಫಾದ ಮೇಲೆ ಕೈಕಟ್ಟಿ ಕೂತಿದ್ದ ನನ್ನ ಮೂಗಿಗೆ ಬಡಿಯಿತು. "ಇಳಿಸೇ!" ಅಂತ ಕೂಗಿದೆ.

"ಸುಮ್ನಿರ್ರೀ, ನೀವು ಕೆಲಸ ಮಾಡ್ತಿದೀರ."

"ನಾನೆಲ್ಲೇ ಮಾಡ್ದೆ? ಮೂಗು ಮಾಡ್ತು."

"ಮೂಗೇನು ಬೇರೆ ವೀಸಾದಲ್ಲಿ ಬಂದಿದ್ಯಾ?"

ಈ ವಾದ ಮುಗಿಯುವಷ್ಟರಲ್ಲಿ ಮೆಂತ್ಯ ಇದ್ದಿಲಾಗಿತ್ತು.

ಅವತ್ತಿನಿಂದ ಸಿಂಕಿನಲ್ಲೂ ಎರಡು ರಾಶಿ. ಮನೆಯ ತಟ್ಟೆ ಲೋಟ ಎಡಕ್ಕೆ, ವ್ಯಾಪಾರದ ಬಾಣಲೆ ಡಬರಿ ಬಲಕ್ಕೆ. ಬಲಗಡೆಯದನ್ನು ನಾನು ಮುಟ್ಟುವುದಿಲ್ಲ, ಕಾನೂನಿನ ಮೇಲೆ ನನಗೆ ಅಷ್ಟು ಗೌರವ. ಆದರೆ ಈಚೆಗೆ ಯಾಕೋ ಎಡಗಡೆ ರಾಶಿ ಬೆಳೆಯುತ್ತಿದೆ. ಮೊನ್ನೆ ಮಸಾಲೆ ಘಾಟಿನ ಜರಡಿಯೊಂದು ಅಲ್ಲಿ ಕೂತಿತ್ತು. ಬೆಳಿಗ್ಗೆ ಅದರಲ್ಲೇ ರಾಗಿಹಿಟ್ಟು ಜರಡಿ ಹಿಡಿದಳಂತೆ, ಹಾಗಾಗಿ ಅದು ಮನೆಯದಂತೆ. ಸೀನುತ್ತಾ ತೊಳೆದೆ.

ತುಮಕೂರಿನಿಂದ ಅಮ್ಮನ ಫೋನು. "ನಾನೇ ಬಂದು ಹುರಿದು ಕೊಡ್ಲೇನೋ?"

"ವಿಸಿಟರ್ ವೀಸಾದಲ್ಲಿ ಬಂದೋರೂ ಹುರಿಯೋ ಹಾಗಿಲ್ಲಮ್ಮ."

"ಅತ್ತೆ ಬಂದ್ರೂ ಸೊಸೇನೇ ದುಡೀಬೇಕಾ? ಹಾಗಿದ್ರೆ ದೇಶ ಚೆನ್ನಾಗೇ ಇದೆ ಕಣೋ."

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಸೊಸೆ ಸೌಟು ಕುಕ್ಕಿದಳು.

ಈಗ ಅವಳ ಕೈಗೂ ಹದ ಕೂತಿದೆ, ಒಪ್ಪಿಕೊಳ್ಳಲು ನನಗೇ ಸಂಕಟ. ಪುಡಿ ಬೇಕಾದವರು ಅವಳಿಗೇ ಫೋನ್ ಮಾಡಿ. ನಾನು ಎತ್ತಿದರೆ ಊರ ಸಮಾಚಾರ ಮಾತಾಡಿ, ಮಳೆ ಬೆಳೆ ವಿಚಾರಿಸಿ; ಎಷ್ಟು ಕಿಲೋ ಬೇಕು ಅಂತ ಮಾತ್ರ ದಯವಿಟ್ಟು ನನಗೆ ಹೇಳಬೇಡಿ.