ಮಣೆ ಸಾಹುಕಾರ್ರು

ಮೂಡಿಗೆರೆಯಿಂದ ಕಳಸದವರೆಗಿನ ಹಳೇ ಮನೆಗಳ ಅಟ್ಟದಲ್ಲಿ ಏನೇನಿದೆ ಎಂಬುದು ಆ ಮನೆಗಳ ಯಜಮಾನರಿಗಿಂತ ಮಣೆ ಸಾಹುಕಾರ್ರಿಗೆ ಚೆನ್ನಾಗಿ ಗೊತ್ತು. ತಿಥಿಯೂಟಕ್ಕೆ ಹೋದರೂ ಎಲೆ ಹಾಕುವ ಮೊದಲೇ ಕಣ್ಣು ಏಣಿ ಹುಡುಕುತ್ತದೆ. ಕಾಫಿಗೆ ರೇಟು ಬಂದ ವರ್ಷ ಉಳಿದವರು ಜೀಪು ಬದಲಾಯಿಸುತ್ತಾರೆ, ಹೋಮ್‌ಸ್ಟೇ ಕಟ್ಟಿಸುತ್ತಾರೆ. ಇವರು ಚೆನ್ನೆಮಣೆ ಕೊಳ್ಳುತ್ತಾರೆ.

ಗೋಡೆ ತುಂಬ 14 ಗುಳಿಯ ಮಣೆಗಳು. ಹಲಸಿನದ್ದು, ಮೀನಿನಾಕಾರದ್ದು, ಮಡಚುವಂಥದ್ದು. ವಯಸ್ಸನ್ನು ಮೂಸಿಯೇ ಹೇಳುತ್ತಾರೆ. ಒಮ್ಮೆ ಯಾವನೋ ಹೊಸ ಮಣೆಗೆ ಕಾಫಿ ಡಿಕಾಕ್ಷನ್ ಬಳಿದು ತಂದ. ಮೂಸಿ, "ಅಜ್ಜನ ಕಾಲದ ವಾಸನೆ!" ಎಂದರು. ಸುಳ್ಳೇನಲ್ಲ, ಅಜ್ಜ ಮಾಡಿದ್ದೂ ಕಾಫಿ ತೋಟವನ್ನೇ.

ಸಂಜೆ ನೆಂಟರು ಸಿಕ್ಕರೆ ಪಾಠ ಶುರು. ಮುಮ್ಮಡಿ ಕೃಷ್ಣರಾಜ ಒಡೆಯರು, ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳ ಭಾಗವಾದ ಕೌತುಕನಿಧಿ, 360 ಎಲೆಗಳ ಗಂಜೀಫಾ ಎಲ್ಲ ಮುಗಿದು ಕೊನೆಗೆ ಜಪಾನು. ಮರದಚ್ಚಿನಲ್ಲಿ ಒತ್ತಿದ ಸುಗೊರೊಕು ಕಾಗದವೊಂದು ಅವರ ಹೆಮ್ಮೆ. ದಾಳ ಉರುಳಿಸುತ್ತ ಎಡೋ ಪಟ್ಟಣದ ನಿಹೊನ್‌ಬಾಶಿ ಸೇತುವೆಯಿಂದ 53 ತಂಗುದಾಣ ದಾಟಿ ಕ್ಯೋಟೋ ಸೇರಬೇಕು. "ಚಾರ್ಮಾಡಿ ಘಾಟಿ ಇಳಿದಂಗೇ ಮಾರಾಯ್ರೆ. ಹೊಸವರ್ಷಕ್ಕೆ ಮಕ್ಕಳು ಆಡಿ ಆಡಿ ಹರಿದು ಹಾಕ್ತಿದ್ರು, ಅದಕ್ಕೇ ಈಗ ಸಿಗಲ್ಲ" ಎಂದು ಮರುಗುತ್ತಾರೆ. ಮೊಮ್ಮಗ ದಾಳ ಹಿಡಿದು ಗಾಜಿನ ಚೌಕಟ್ಟನ್ನೇ ನೋಡುತ್ತಿರುತ್ತಾನೆ. ಅವನ ಕೈಗೆಟುಕದಷ್ಟು ಎತ್ತರಕ್ಕೆ ಮೊಳೆ ಹೊಡೆಸಿದ್ದಾರೆ.

ಇಷ್ಟೆಲ್ಲ ಬಲ್ಲವರಿಗೆ ಆಟ ಬಾರದು. ಅಟ್ಟದಿಂದ ಮಣೆ ಇಳಿಸುವವರು ಜೊತೆಯ ಮಂಜೊಟ್ಟಿ ಕಾಳಿನ ಗಂಟನ್ನು ಅಲ್ಲೇ ಬಿಟ್ಟು ಬರುತ್ತಾರೆ. ಕಾಳಿಗೆ ಆಂಟಿಕ್ ಬೆಲೆ ಇಲ್ಲವಂತೆ!

ಆಟ ಬಾರದೆಂಬುದು ಬಯಲಾದದ್ದು ಆಷಾಢದಲ್ಲಿ, ಕಳಸದಾಚೆಯ ಅಜ್ಜಿಯೊಬ್ಬರ ಜಗಲಿಯಲ್ಲಿ. ಭದ್ರೆ ಕೆಂಪಾಗಿ ಹರಿಯುವ ಮಳೆ, ತೋಟದಲ್ಲಿ ಕೆಲಸವಿಲ್ಲ. ಅಜ್ಜಿ ದುಡ್ಡು ಬೇಡ ಎಂದರು. "ಒಂದಾಟ ಗೆದ್ದು ತಗಂಡೋಗಿ." ಗುಳಿಗೆ ನಾಲ್ಕರಂತೆ 56 ಕಾಳು ತುಂಬಿದರು. ಸಾಹುಕಾರ್ರು ಒಂದು ಗುಳಿ ಬಾಚಿ ಹಂಚುವಷ್ಟರಲ್ಲಿ ಅಜ್ಜಿ ಎಲೆಯಡಿಕೆ ಜಗಿಯುತ್ತಲೇ ಅವರ ಸಾಲು ಗುಡಿಸಿಬಿಟ್ಟರು. ಎರಡನೇ ಆಟವೂ ಹಾಗೇ. ಮೂರನೆಯದಕ್ಕೆ ಅಜ್ಜಿ ಎಡಗೈಯಲ್ಲಿ ಆಡಿದರು.

ಈಗ ಸಾಹುಕಾರ್ರು ದಿನಾ ರಾತ್ರಿ ತೋಟದ ರೈಟ್ರ ಜೊತೆ ಅಭ್ಯಾಸ ಮಾಡುತ್ತಾರೆ, ದಿನಾ ಗೆಲ್ಲುತ್ತಾರೆ. ಸಂಬಳದ ದಿನ ಹತ್ತಿರ ಬಂದಾಗ ಇನ್ನೂ ಸಲೀಸಾಗಿ ಗೆಲ್ಲುತ್ತಾರೆ. ಬರುವ ಆಷಾಢಕ್ಕೆ ಮತ್ತೆ ಬರುತ್ತೇನೆಂದು ಕಳಸಕ್ಕೆ ಹೇಳಿಕಳಿಸಿದ್ದೂ ಆಗಿದೆ.

"ಬರ್ಲಿ ಬರ್ಲಿ, ಈ ಸಲ ಜೀಪು ಪಂದ್ಯಕ್ಕಿಡ್ಲಿ" ಎಂದರಂತೆ ಅಜ್ಜಿ.