ಸೊಂಟಸಿದ್ಧಾಂತ, ಅಥವಾ ಸಲಿಕೆ ಹಿಡಿದು ಕಾರ್ನಿಷ್ ಕಲಿಯುವ ಕ್ರಮ

ಭಾಷೆಯ ನೆಲೆ ನಾಲಿಗೆ ಎಂದು ಕೆಲವರು, ಮಿದುಳು ಎಂದು ಹಲವರು ವಾದಿಸುತ್ತ ಬಂದಿದ್ದಾರೆ. ಎರಡು ಪಕ್ಷದವರೂ ಜನ್ಮದಲ್ಲಿ ಕಳೆ ಕಿತ್ತವರಲ್ಲ ಎಂಬುದು ಅವರ ವಾದದಿಂದಲೇ ಸಿದ್ಧ. ಭಾಷೆಯ ನೆಲೆ ಸೊಂಟ. ಇದನ್ನು ಸ್ಥಾಪಿಸಲು ಬ್ರಿಟನ್ನಿನ ನೈರುತ್ಯ ಮೂಲೆಯ ಕಾರ್ನ್‌ವಾಲನ್ನೂ ಅಲ್ಲಿನ ಕೆಲ್ಟಿಕ್ ನುಡಿಯಾದ ಕಾರ್ನಿಷನ್ನೂ ಆರಿಸಿಕೊಂಡಿದ್ದೇವೆ. ಅಲ್ಲಿ ಮಳೆ ಧಾರಾಳ, ಚಳಿ ಕಡಿಮೆ. ಕಳೆಗೆ ರಜೆಯೇ ಇಲ್ಲ.

ಇತಿಹಾಸವನ್ನು ಚುಟುಕಾಗಿ ಮುಗಿಸೋಣ. 1777ರಲ್ಲಿ ಮೌಸ್‌ಹೋಲ್ ಊರಿನ ಮೀನು ಮಾರುವ ಡಾಲಿ ಪೆಂಟ್ರೀತ್ ತೀರಿಕೊಂಡಾಗ ಭಾಷೆಯೂ ಆಕೆಯ ಜೊತೆಗೇ ಹೋಯಿತೆಂದು ಪಂಡಿತರು ಷರಾ ಬರೆದರು. 1904ರಲ್ಲಿ ಹೆನ್ರಿ ಜೆನ್ನರ್ ಒಂದು ಕೈಪಿಡಿ ಬರೆದು ಆ ಭಾಷೆಯನ್ನು ಎಬ್ಬಿಸಿ ಕೂರಿಸಿದ. ಅಷ್ಟಾದರೂ ಯುನೆಸ್ಕೊ ಅದನ್ನು ಅಳಿದ ಭಾಷೆಗಳ ಪಟ್ಟಿಗೆ ಹಾಕಿತು. ಮಾತಾಡುವವರೇ ತಕರಾರು ತೆಗೆದ ಮೇಲೆ 2010ರಲ್ಲಿ ತಿದ್ದಿಕೊಂಡಿತು. ಗರಿಕೆ ನಿರ್ಮೂಲವಾಯಿತೆಂದು ತೋಟಿಗರು ಘೋಷಿಸುವುದೂ ಹೀಗೆಯೇ.

ಸೂತ್ರ: ಬಗ್ಗಿದವಂಗೆ ಪದಂ ದಕ್ಕುಗುಂ.

ವೃತ್ತಿ: ಕುರ್ಚಿಯಲ್ಲಿ ಕೂತು ‘ಲೊವರ್ಥ್ ಎಂದರೆ ಹಿತ್ತಲು’ ಎಂದು ನೂರು ಸಲ ಉರುಹೊಡೆದವನು ಊಟದ ಹೊತ್ತಿಗೆ ಮರೆಯುತ್ತಾನೆ. ‘ಹ್ವಿನ್ನ’ ಎನ್ನುತ್ತ ಒಂದು ಪಾತಿಯ ಕಳೆ ಕಿತ್ತವನಿಗೆ ಅದರ ಅರ್ಥವನ್ನು ರಾತ್ರಿಯಿಡೀ ಬೆನ್ನು ಜ್ಞಾಪಿಸುತ್ತದೆ.

ಪ್ರಯೋಗ: ಪಾಲ್ ಎಂದರೆ ಸಲಿಕೆ. ಪಲಸ್ ಎಂದರೆ ಅಗೆಯುವುದು. ಹಸಿ ಮಣ್ಣು ಮಗುಚಿದ್ದೇ ತಡ, ಎಲ್ಲಿಂದಲೋ ಕೆಂಪೆದೆಯ ರುಧೆಕ್, ಅಂದರೆ ರಾಬಿನ್ ಹಕ್ಕಿ, ಬಂದು ಅಗೆಯುವವನ ಕಾಲ ಬಳಿಯೇ ಕುಪ್ಪಳಿಸುತ್ತದೆ. ತಲೆ ವಾರೆ ಮಾಡಿ ನೋಡಿ, ಒಂದು ಪ್ರೀವ್ ಅನ್ನು, ಅಂದರೆ ಹುಳುವನ್ನು, ಎಳೆದು ನುಂಗುತ್ತದೆ. ಕರ್ತೃ, ಕರ್ಮ, ಕ್ರಿಯೆ ಮೂರೂ ಕಣ್ಣೆದುರಿಗೇ. ಇಷ್ಟು ಚೊಕ್ಕವಾಗಿ ಪಾಠ ಮಾಡುವ ಮೇಷ್ಟರು ಎಲ್ಲಿದ್ದಾರೆ?

ಇಲ್ಲೊಂದು ತೊಡಕು. ಪಾಲ್ ಎಂದು ಕಲಿತವನಿಗೆ ಪಕ್ಕದವರು ‘ಆನ್ ಬಾಲ್’ ಕೊಡಿ ಎನ್ನುತ್ತಾರೆ. ಹೊಸಬ ಕೊಟ್ಟಿಗೆಗೆ ಹೋಗಿ ಇನ್ನೊಂದು ಹತಾರು ಹುಡುಕುತ್ತಾನೆ. ಕನ್ನಡಿಗರು ಗಾಬರಿಯಾಗಬೇಕಿಲ್ಲ, ಕ, ತ, ಪಗಳಿಗೆ ಗ, ದ, ಬ ಬರುವುದನ್ನು ನಾವು ಆದೇಶಸಂಧಿ ಎಂದು ಹೈಸ್ಕೂಲಿನಲ್ಲೇ ಅನುಭವಿಸಿದ್ದೇವೆ. ನಮ್ಮಲ್ಲಿ ಮಳೆಗಾಲ, ಬೆಟ್ಟದಾವರೆ, ಕಂಬನಿ. ಅವರಲ್ಲಿ ಇಂಗ್ಲಿಷಿನ ‘ದಿ’ಗೆ ಸಮನಾದ ‘ಆನ್’ ಮೊದಲು ಬಂದರೆ ಸ್ತ್ರೀಲಿಂಗದ ಏಕವಚನಗಳು ಮೆತ್ತಗಾಗುತ್ತವೆ: ಕಾಥ್ ಎಂಬ ಬೆಕ್ಕು ಆನ್ ಗಾಥ್, ತ್ರೆ ಎಂಬ ಊರು ಆನ್ ದ್ರೆ. ಈಗಷ್ಟೇ ಬೀಜ ಬಿತ್ತಿದ ಪಾತಿಯ ನಟ್ಟನಡುವೆ ಆನ್ ಗಾಥ್ ಬಂದು ಕೂತಾಗ ಈ ನಿಯಮ ಯಾರಿಗೂ ಮರೆಯದು. ಇಷ್ಟನ್ನೇ ಆಧಾರ ಮಾಡಿಕೊಂಡು ನಮ್ಮ ವ್ಯಾಕರಣಕಾರ ಕೇಶಿರಾಜನ ಮೂಲ ಕಾರ್ನ್‌ವಾಲಿನ ಪೆನ್‌ಝಾನ್ಸ್ ಎಂದು ಸಾಧಿಸಹೊರಡುವ ಸಂಶೋಧಕರಿದ್ದರೆ, ಅವರನ್ನು ಕಳೆ ಕೀಳಲು ಕಳಿಸತಕ್ಕದ್ದು.

ಪೂರ್ವಪಕ್ಷ: ಮಳೆ ಬಂದರೆ? ಗ್ಲಾವ್ ಎಂದರೆ ಮಳೆ. ಆ ಸೀಮೆಯಲ್ಲಿ ಕೇಳಿದೊಡನೆ ನೆನಪಿನಲ್ಲಿ ನಿಲ್ಲುವ ಪದವೇ ಅದು. ನೆನೆದವನಿಗೆ ಇನ್ನೂ ಬೇಗ.

2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 557 ಮಂದಿ ಕಾರ್ನಿಷನ್ನು ತಮ್ಮ ಮುಖ್ಯ ಭಾಷೆ ಎಂದು ಬರೆಸಿದರು. ಅವರಲ್ಲಿ ಎಷ್ಟು ಜನರ ಸೊಂಟ ಹಿಡಿದಿತ್ತು ಎಂದು ಗಣತಿದಾರರು ಕೇಳದೇ ಹೋದದ್ದು ಶಾಸ್ತ್ರಕ್ಕಾದ ನಷ್ಟ. ಆಕ್ಷೇಪವಿರುವ ವಿದ್ವಾಂಸರಲ್ಲಿ ವಿನಂತಿ: ಮೊದಲು ಒಂದು ಪಾತಿ ಅಗೆದು ಬನ್ನಿ. ನಿಂತುಕೊಂಡು ಬರೆದ ಆಕ್ಷೇಪಗಳನ್ನಷ್ಟೇ ಪರಿಶೀಲಿಸಲಾಗುವುದು. ಆರಾಮಾಗಿ ಕೂತು ಬರೆದವನ್ನು ಗೊಬ್ಬರದ ಗುಂಡಿಗೆ ಹಾಕಲಾಗುವುದು.