ಸಾಂಬಾರ್ ಇಲ್ಲ, ಶುಕ್ರವಾರ ರಜ

ಬೆಂಗಳೂರಿನ ಹಳೆಯ ಹೋಟೆಲುಗಳಲ್ಲಿ ಗಿರಾಕಿಗೆ ರುಚಿ ಸಿಗುತ್ತದೆ, ಆಯ್ಕೆ ಸಿಗುವುದಿಲ್ಲ. ನನ್ನಂಥ ಸೋಮಾರಿಗೆ ಇದಕ್ಕಿಂತ ಸುಖ ಇನ್ನೇನು ಬೇಕು?

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರನ್ನೇ ನೋಡಿ. 1965ರಿಂದ ಇರುವ ಅಂಗಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕುಡಿಯಲು ಕಾಫಿ, ಟೀ. ಅಲ್ಲಿಗೆ ಪಟ್ಟಿ ಮುಗಿಯಿತು. ಸಾಂಬಾರ್ ಇಲ್ಲವೇ ಇಲ್ಲ. ಚಟ್ನಿ ಮಾತ್ರ ಧಾರಾಳ. ಫುಟ್‌ಪಾತಿನಲ್ಲಿ ನಿಂತವರೆಲ್ಲ ಇಡ್ಲಿ ಪೂರ್ತಿ ಮುಳುಗುವವರೆಗೆ ತಟ್ಟೆ ಒಡ್ಡುತ್ತಲೇ ಇರುತ್ತಾರೆ. ಕಾರಿನಲ್ಲಿ ಬಂದವರೂ ಆ ಹೊತ್ತಿನಲ್ಲಿ ಭಿಕ್ಷುಕರೇ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿ ಕೂರುವ ಜಾಗವೂ ನಮ್ಮ ಇಷ್ಟದ್ದಲ್ಲ; ಎಲ್ಲಿ ಕುರ್ಚಿ ಖಾಲಿಯಾಯಿತೋ ಅಲ್ಲಿಗೆ, ಗುರುತಿಲ್ಲದವರ ಎದುರಿಗೆ. ಸಪ್ಲೈಯರ್ ಬೆರಳಿನಿಂದ ಭುಜದವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತಾನೆ. 'ಮಸಾಲೆನಾ ಸಾರ್?' ಅನ್ನುವಷ್ಟರಲ್ಲಿ ತಟ್ಟೆ ಮುಂದೆ ಕೂತಿರುತ್ತದೆ. ಬೇಡ ಎಂದವರನ್ನು ನಾನಂತೂ ಕಂಡಿಲ್ಲ.

ಇನ್ನು ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಸೋಮವಾರ ಬಾಗಿಲು ಹಾಕಿದರೆ ವಿದ್ಯಾರ್ಥಿ ಭವನ ಶುಕ್ರವಾರ, ಬ್ರಾಹ್ಮಿನ್ಸ್ ಭಾನುವಾರ. ಏಕಾದಶಿ ಯಾವತ್ತೆಂದು ಮರೆಯಬಹುದು, ಇದನ್ನು ಮರೆಯುವಂತಿಲ್ಲ. ಮರೆತರೆ 'ಮನೇಲೇ ಉಪ್ಪಿಟ್ಟು ಮಾಡ್ತೀನಿ ಬಿಡಿ' ಎಂಬ ಬೆದರಿಕೆ ಕಾದಿರುತ್ತದೆ.

ಮೊನ್ನೆ ಅಕ್ಕನ ಮಗ 'ಬಾ ಮಾಮ, ಒಳ್ಳೆ ಕಾಫಿ ಕುಡಿಸ್ತೀನಿ' ಎಂದು ಇಂದಿರಾನಗರದ ಹೊಸ ಕೆಫೆಯೊಂದಕ್ಕೆ ಕರೆದೊಯ್ದ. ಕೌಂಟರಿನ ಹುಡುಗಿ ಬಲು ಮರ್ಯಾದಸ್ಥೆ. ಬಿಸಿಯೋ, ತಣ್ಣಗಿನದೋ? ಚಿಕ್ಕದೋ, ದೊಡ್ಡದೋ? ಯಾವ ಎಸ್ಟೇಟಿನ ಬೀಜ? ಹಸುವಿನ ಹಾಲೋ, ಓಟ್ಸ್ ಹಾಲೋ, ಬಾದಾಮಿ ಹಾಲೋ? ಓಟ್ಸಿನಿಂದ ಹಾಲು ಯಾರು ಹೇಗೆ ಕರೆಯುತ್ತಾರೆಂದು ಯೋಚಿಸುವಷ್ಟರಲ್ಲಿ ನನ್ನ ಹೆಸರೂ ಕೇಳಿದಳು. ಹೆಣ್ಣು ನೋಡಲು ಹೋದಾಗಲೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ.

ಬೆಲೆ ನೋಡಿದೆ. ಆ ದುಡ್ಡಿಗೆ ಗಾಂಧಿಬಜಾರಿನಲ್ಲಿ ಇಬ್ಬರ ದೋಸೆ, ಕಾಫಿ ಮುಗಿದು ಬಾಳೆಹಣ್ಣಿಗೂ ಚಿಲ್ಲರೆ ಉಳಿಯುತ್ತಿತ್ತು.

'ಒಂದು ಕಾಫಿ, ಬೈ ಟೂ ಕೊಡಮ್ಮ' ಎಂದೆ.

ಅಕ್ಕನ ಮಗ ನನ್ನನ್ನು ಕಂಡೇ ಇಲ್ಲದವನಂತೆ ಗೋಡೆಯ ಚಿತ್ರ ನೋಡತೊಡಗಿದ. ಹುಡುಗಿ ಪಾಪ, ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕಿದಳು. ಅಷ್ಟೊಂದು ಆಯ್ಕೆಗಳಲ್ಲಿ ಅದೊಂದು ಇರಲಿಲ್ಲ.